ಸೀಟಿ ಊದುವವರ ಆಸೆ

ಆಟದಲ್ಲಿ ಗೆದ್ದವರಿಗೆ ಕಪ್ ಸಿಗುತ್ತದೆ. ಸೀಟಿ ಊದಿದ ರೆಫ್ರಿಗೆ ಏನು ಸಿಗುತ್ತದೆಂದು ಎಂದಾದರೂ ಯೋಚಿಸಿದ್ದೀರಾ?

ಅಮೆರಿಕದ ಹೈಸ್ಕೂಲ್ ಬಾಸ್ಕೆಟ್‌ಬಾಲ್ ರೆಫ್ರಿಗಳಲ್ಲಿ ಹೆಚ್ಚಿನವರಿಗೆ ಬೇರೆ ನೌಕರಿಯಿರುತ್ತದೆ. ಹಗಲು ದುಡಿದು ಸಂಜೆ ಕೋರ್ಟಿಗೆ ಓಡುತ್ತಾರೆ. ಸಂಭಾವನೆ ಸಣ್ಣದು, ಗ್ಯಾಲರಿಯಲ್ಲಿ ಕುಳಿತ ತಂದೆ-ತಾಯಂದಿರ ಬೈಗುಳ ಮಾತ್ರ ಧಾರಾಳ. ಆದರೂ ಒಂದು ಆಸೆ ಅವರನ್ನು ಹಿಡಿದಿಡುತ್ತದೆ. ಋತುವಿನ ಕೊನೆಗೆ ನಡೆಯುವ ರಾಜ್ಯ ಚಾಂಪಿಯನ್‌ಶಿಪ್ ಪಂದ್ಯಗಳಿಗೆ ತಮ್ಮ ಹೆಸರು ಬರಬೇಕು! ಅದು ಎಲ್ಲರಿಗೂ ಸಿಗದು. ಅನೇಕ ರಾಜ್ಯಗಳಲ್ಲಿ ನಿಯಮಗಳ ಪರೀಕ್ಷೆ ಬರೆಯಬೇಕು, ಕೋಚ್‌ಗಳು ಕೊಡುವ ಅಂಕವೂ ಚೆನ್ನಾಗಿರಬೇಕು. ಹಾಗಾಗಿ ನಿಯಮದ ಪುಸ್ತಕವನ್ನು ಮತ್ತೆ ಮತ್ತೆ ಓದುತ್ತಾರೆ.

ಒಳ್ಳೆಯದೇ. ಆದರೆ 2017ರ ಮಾರ್ಚ್‌ನಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ನಡೆದುದನ್ನು ಕೇಳಿ. 16ರ ಹರೆಯದ ಬಾಲಕಿಯೊಬ್ಬಳು ಹಿಜಾಬ್ ಧರಿಸಿಯೇ ಆ ಋತುವಿನ 24 ಪಂದ್ಯಗಳನ್ನು ಆಡಿದ್ದಳು. ಯಾವ ರೆಫ್ರಿಯೂ ತಡೆದಿರಲಿಲ್ಲ. ಪ್ರಾದೇಶಿಕ ಫೈನಲ್‌ನ ದಿನ ಮಾತ್ರ, ತಲೆವಸ್ತ್ರಕ್ಕೆ ದಾಖಲೆಪತ್ರ ಬೇಕೆಂಬ ನಿಯಮ ಎದ್ದು ಬಂತು. ಬಾಲಕಿ ಬೆಂಚಿನಲ್ಲೇ ಕುಳಿತಳು. ಕಾರಣ ಆಕೆಗೆ ತಿಳಿದದ್ದೇ ಪಂದ್ಯ ಮುಗಿದ ಮೇಲೆ. ನಿಯಮವನ್ನು ತೀರಾ ಅಕ್ಷರಶಃ ಹಿಡಿದದ್ದು ಸರಿಯಾಗಲಿಲ್ಲವೆಂದು ರಾಜ್ಯದ ಕ್ರೀಡಾ ಸಂಘದವರೇ ನಂತರ ಒಪ್ಪಿಕೊಂಡರು.

ಅದು ದ್ವೇಷದಿಂದಲೇ ಆಯಿತೆಂದು ನಾನು ಹೇಳಲಾರೆ. ಪಡೆಯಲು ವರ್ಷಗಟ್ಟಲೆ ಶ್ರಮಿಸಿದ ದೊಡ್ಡ ಪಂದ್ಯದಲ್ಲಿ ಎಡವಿದರೆ ಮತ್ತೆ ಕರೆ ಬಾರದೆಂಬ ಅಂಜಿಕೆಯಿರುವವರು ಅಕ್ಷರಕ್ಕೇ ಜೋತುಬೀಳುವುದುಂಟು. ನಿಯಮ ಬಲ್ಲವರಿಗೆ ಅಂಕವಿದೆ. ಎದುರಿಗಿರುವ ಮಗುವಿನ ಮುಖ ನೋಡಿ ವಿವೇಕದಿಂದ ನಡೆದವರಿಗೆ ಯಾರು ಅಂಕ ಕೊಡುತ್ತಾರೆ?

ಅದೇ 2017ರಲ್ಲಿ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ತನ್ನ ನಿಯಮ ಬದಲಿಸಿ ತಲೆವಸ್ತ್ರಕ್ಕೆ ಅನುಮತಿ ನೀಡಿತು.