ಕಂಬಳಿ ಹೊದ್ದ ಡಬ್ಬ

ಕುದಿಸುವುದು ಸುಲಭ, ತಣಿಸುವುದೂ ಸುಲಭ. ಎರಡರ ನಡುವೆ ಒಂದು ಕಡೆ ಸುಮ್ಮನೆ ನಿಲ್ಲಿಸುವುದಿದೆಯಲ್ಲ, ಅದು ಕಷ್ಟ. ಬಾರ್ಲಿ ಮಾಲ್ಟಿನಿಂದ ಮನೆಯಲ್ಲೇ ಬಿಯರ್ ಮಾಡುವವರು ನುಚ್ಚು ಮಾಡಿದ ಕಾಳನ್ನು ಬಿಸಿನೀರಿಗೆ ಹಾಕಿ, ಆ ಗಂಜಿಯನ್ನು 67 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಂದು ಗಂಟೆ ಇಡಬೇಕು. ಇದಕ್ಕೆ ಮ್ಯಾಶ್ ಎನ್ನುತ್ತಾರೆ. ನಾನಿದನ್ನು ಕಲಿತದ್ದು ಮಿನಿಯಾಪೊಲಿಸ್‌ನಲ್ಲಿ, ಕಂಪನಿ ಪುಣೆಯಿಂದ ಎರಡು ವರ್ಷಕ್ಕೆ ಕಳಿಸಿದ್ದಾಗ. 1978ರ ಕಾನೂನಿನ ನಂತರ ಅಮೆರಿಕದಲ್ಲಿ ಇದು ಅಡುಗೆಮನೆಯ ಹವ್ಯಾಸ.

ಮಾಲ್ಟ್ ಎಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು, ಅಷ್ಟೇ. ಮೊಳಕೆ ರಾಗಿಯ ಗಂಜಿ ಯಾಕೆ ನೀರುನೀರಾಗುತ್ತದೆ ಎಂದು ಅಡುಗೆಮನೆ ಬಲ್ಲವರನ್ನು ಕೇಳಿ. ಪಿಷ್ಟವನ್ನು ಒಡೆಯುವ ಅದೇ ಅಮೈಲೇಸ್ ಕಿಣ್ವಗಳು ಇಲ್ಲಿಯೂ ಕೆಲಸ ಮಾಡುತ್ತವೆ. ಬೀಟಾ ಎಂಬುದಕ್ಕೆ 60-65 ಡಿಗ್ರಿ ಹಿತ. ಅದು ಯೀಸ್ಟ್ ಪೂರ್ತಿ ತಿನ್ನಬಲ್ಲ ಸಕ್ಕರೆ ಮಾಡುತ್ತದೆ. ಆಲ್ಫಾಗೆ 70ರ ಹತ್ತಿರ ಹಿತ. ಅದು ಯೀಸ್ಟ್ ತಿನ್ನದೆ ಬಿಡುವ ಉದ್ದನೆಯ ಸಕ್ಕರೆಗಳನ್ನೂ ಉಳಿಸುತ್ತದೆ. 64ರಲ್ಲಿಟ್ಟರೆ ತೆಳ್ಳನೆಯ, ಒಣ ಬಿಯರ್. 69ರಲ್ಲಿಟ್ಟರೆ ನಾಲಿಗೆಗೆ ಭಾರ. ಐದು ಡಿಗ್ರಿಯಲ್ಲಿ ಬೇರೆಯದೇ ಪಾನೀಯ.

ಒಲೆಯ ಮೇಲಿಟ್ಟು ಕಾಯುತ್ತಾ ಕೂರುವುದು ನನ್ನ ಮಟ್ಟಿಗೆ ದಡ್ಡ ದಾರಿ. ತಳ ಸೀಯುತ್ತದೆ, ಮೇಲೆ ತಣ್ಣಗಿರುತ್ತದೆ. ಪಿಕ್ನಿಕ್ಕಿಗೆ ಐಸ್ ಒಯ್ಯುವ ದಪ್ಪ ಗೋಡೆಯ ಡಬ್ಬವೇ ಸಾಕು. ಮೊದಲು ಅದರೊಳಗೆ ಬಿಸಿನೀರು ಸುರಿದು, ಡಬ್ಬವನ್ನೇ ಬೆಚ್ಚಗೆ ಮಾಡಿ ಚೆಲ್ಲಬೇಕು. ಕಾಳು ಕೋಣೆಯ ಶಾಖದಲ್ಲಿ, ಅಂದರೆ 20ರಲ್ಲಿದ್ದು, ಕಿಲೋಗೆ 3 ಲೀಟರ್ ನೀರಿನ ಲೆಕ್ಕವಾದರೆ ನೀರು 73ರ ಮೇಲಿರಬೇಕು. ಚಳಿಗಾಲದ ಗ್ಯಾರೇಜಿನಲ್ಲಿ ಕಾಳು 5ಕ್ಕೆ ಇಳಿದಿದ್ದರೆ ಇನ್ನೆರಡು ಡಿಗ್ರಿ ಜಾಸ್ತಿ. ಗಂಟು ಒಡೆಯುವಂತೆ ಕಲಕಿ, ಎರಡು ಮೂರು ಕಡೆ ಥರ್ಮಾಮೀಟರ್ ಅದ್ದಿ ನೋಡಿ, ಮುಚ್ಚಿಬಿಡಬೇಕು. ಹೆಚ್ಚಿನ ಕೆಲಸ ಮೊದಲ ಅರ್ಧ ಗಂಟೆಯಲ್ಲೇ ಮುಗಿದಿರುತ್ತದೆ. ಕೊನೆಗೆ ಒಂದೆರಡು ಡಿಗ್ರಿ ಇಳಿದರೆ ಕೊರಗುವವರು ಕೊರಗಲಿ. ಸಂಶಯವಿದ್ದರೆ ಒಂದು ತೊಟ್ಟು ಅಯೋಡಿನ್ ಇದೆ: ಕಪ್ಪುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ.

ಮಿನ್ನೆಸೋಟದ ಜನವರಿಗೆ ಡಬ್ಬದ ಗೋಡೆಯೊಂದೇ ಸಾಲದು. ಅದಕ್ಕೆ ಕಂಬಳಿ ಹೊದಿಸಿದೆ. ಚಳ್ಳಕೆರೆ ಕಂಬಳಿ, ಅಮ್ಮ ಕಟ್ಟಿಕೊಟ್ಟದ್ದು.

ನಮ್ಮ ಮನೆಯಲ್ಲಿ ಬಿಯರ್ ಎಂಬ ಪದವನ್ನೂ ಯಾರೂ ಆಡುತ್ತಿರಲಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಅಮ್ಮ ಹೇಳಿದ್ದು ಒಂದೇ ಮಾತು, 'ಮೂರು ವರ್ಷ ತಡ ಆಯ್ತು'. ಅಪ್ಪ ತೀರಿಹೋಗಿ ಅಷ್ಟೇ ವರ್ಷವಾಗಿತ್ತು.

ಒಂದು ಭಾನುವಾರ ವಿಡಿಯೋ ಕಾಲಿನಲ್ಲಿ ಅವಳ ಕಣ್ಣಿಗೆ ಡಬ್ಬ ಬಿತ್ತು.

"ಅದೇನೋ ಕಂಬಳಿ ಹೊದ್ಕಂಡು ಕುಂತಿರೋದು?"

ಮೊಳಕೆ ಕಾಳು ಎನ್ನಬಹುದಿತ್ತು, ಸುಳ್ಳೇನೂ ಆಗುತ್ತಿರಲಿಲ್ಲ. ಬಿಯರ್ ಎಂದೆ. ಬಹಳ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆ.

"ಎಷ್ಟೊತ್ತು ಇಡ್ಬೇಕು ಹಂಗೆ?"

"ಒಂದು ಗಂಟೆ."

"ಹಂಗಾದ್ರೆ ಪದೇ ಪದೇ ಮುಚ್ಚಳ ತೆಗೀಬೇಡ."

ಹೆಪ್ಪು ಹಾಕಿದ ಪಾತ್ರೆಯನ್ನು ಮುಟ್ಟಲು ಹೋದಾಗಲೆಲ್ಲ ಹೇಳುತ್ತಿದ್ದದ್ದು ಇದೇ ದನಿಯಲ್ಲಿ. ಆಮೇಲೆ ಕೇಳಿದಳು, ಒಟ್ಟು ಎಷ್ಟಾಗ್ತದೆ ಅಂತ. 19 ಲೀಟರ್ ಎಂದೆ.

"ಅಷ್ಟೂ ನೀನೇನಾ?"

ಅಲ್ಲ ಎಂದೆ, ಮತ್ತು ಅದು ನಿಜ. ಹತ್ತಿರ ಹತ್ತಿರ ಐವತ್ತು ಬಾಟಲಿ. ಆಫೀಸಿಗೆ ಇಷ್ಟು, ಕೆಳಗಿನ ಮನೆಯವರಿಗೆ ಇಷ್ಟು. ಅಂದಿನಿಂದ ಪ್ರತಿ ಸಲ ಯಾರಿಗೆ ಎಷ್ಟು ಹೋಯಿತು, ನನಗೆ ಎಷ್ಟು ಉಳಿಯಿತು ಎಂದು ಅವಳಿಗೆ ಲೆಕ್ಕ ಒಪ್ಪಿಸತೊಡಗಿದೆ. ಅವಳು ಮತ್ತೆಂದೂ ಕೇಳಲಿಲ್ಲ. ನಾನು ಹೇಳುವಾಗ ಫೋನ್ ಇಡಲೂ ಇಲ್ಲ.