ಎಂಟಿದ್ದ ನೋವನ್ನ ಮೂರು ಅಂದೆ

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಅಡಿಕೆಗೆ ಎರಡನೇ ಔಷಧಿ ಹೊಡೆದ್ರಾ ಅಂತ ಕೆಲವರು ಫೋನ್ ಮಾಡಿದ್ದಿರಿ. ತಮ್ಮ ಹೊಡೆಸಿದ. ನಾನು ಆಸ್ಪತ್ರೆಯಲ್ಲಿದ್ದೆ. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಿತ್ತು. ಹೊಕ್ಕುಳಿನ ಮೇಲಿಂದ ಕೆಳಗಿನವರೆಗೆ ಕೊಯ್ದು ತೊಳೆದರು. ತೋಟದ ವಿಷಯ ಮುಂದಿನ ಸಲ. ಇವತ್ತು ನೋವಿನ ವಿಷಯ, ಯಾಕಂದ್ರೆ ನಾನು ಮಾಡಿದ ತಪ್ಪನ್ನ ನಮ್ಮಲ್ಲಿ ಬಹಳ ಜನ ಮಾಡ್ತೀವಿ.

ಆಪರೇಷನ್ ಆದ ಮಾರನೇ ದಿನ ಸಿಸ್ಟರ್ ಬಂದು, "ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಯಜಮಾನ್ರೇ?" ಅಂದ್ರು. ಎಂಟಿತ್ತು. "ಮೂರು" ಅಂದೆ. ಪಕ್ಕದಲ್ಲಿ ಅಪ್ಪ ಕೂತಿದ್ರು. ಕಾಲಿಗೆ ಕತ್ತಿ ತಾಗಿದ್ರೂ ಬಟ್ಟೆ ಸುತ್ತಿಕೊಂಡು ಕೆಲಸ ಮುಗಿಸಿ ಬರೋ ಮನುಷ್ಯ. ಅವರೆದುರು ಎಂಟು ಅನ್ನೋಕೆ ನಾಚಿಕೆ. ನೋವಿನ ಇಂಜೆಕ್ಷನ್ ಚಟ ಹಿಡಿಸುತ್ತೆ ಅಂತ ನೋಡೋಕೆ ಬಂದವರೊಬ್ಬರು ಹೆದರಿಸಿ ಬೇರೆ ಹೋಗಿದ್ರು.

ರಾತ್ರಿ ಕೆಮ್ಮು ಬಂದ್ರೆ ಅದುಮಿ ಹಿಡಿದೆ. ಹೊಲಿಗೆ ಜಗ್ಗುತ್ತೆ ಅಂತ ಅರ್ಧರ್ಧ ಉಸಿರು ತಗೊಂಡೆ. ಮಗ್ಗುಲು ಬದಲಿಸಲಿಲ್ಲ. ಮೂರನೇ ದಿನಕ್ಕೆ ಜ್ವರ, ಎದೆಯಲ್ಲಿ ಗೊರಗೊರ. ಎಕ್ಸ್‌ರೇ ತೆಗೆಸಿದ್ರೆ ಶ್ವಾಸಕೋಶದ ಕೆಳಗೆ ಕಫ ಕಟ್ಟಿದೆ, ಹೀಗೇ ಬಿಟ್ರೆ ನ್ಯುಮೋನಿಯಾ ಅಂದ್ರು. "ನೋವು ನುಂಗಿದ್ದಕ್ಕೆ ಇದು. ನಾವು ಔಷಧಿ ಕೊಡೋದು ಬರೀ ನಿದ್ದೆ ಮಾಡ್ಲಿ ಅಂತಲ್ಲ. ನೀವು ಕೆಮ್ಮಬೇಕು, ಏಳಬೇಕು, ನಡೀಬೇಕು" ಅಂತ ಡಾಕ್ಟ್ರು ಬೈದ್ರು.

ಆಗ ನನಗೆ ಬೋರ್ಡೋ ನೆನಪಾಯ್ತು. ಕೊಳೆ ಬಂದು ಕಾಯಿ ಉದುರೋವರೆಗೆ ಯಾರು ಕಾಯ್ತೀವಿ? ಮಳೆಗೆ ಮೊದಲು ಒಂದು, 40-45 ದಿನಕ್ಕೆ ಇನ್ನೊಂದು ಹೊಡೀತೀವಿ. ನೋವಿನ ಔಷಧಿಯೂ ಹಾಗೇ, ಏರೋಕೆ ಮೊದಲೇ ಹೋಗಬೇಕು. ಅವತ್ತಿಂದ ಆರು ಗಂಟೆಗೊಮ್ಮೆ ಪ್ಯಾರಾಸಿಟಮಾಲ್, ಸಾಲದಿದ್ರೆ ಬಲವಾದ ಇಂಜೆಕ್ಷನ್. ಅದರಿಂದ ವಾಕರಿಕೆ, ಮಲಬದ್ಧತೆ ಆಗುತ್ತೆ. ಬಾಯಿಬಿಟ್ಟು ಹೇಳಿದ್ರೆ ಅದಕ್ಕೂ ಔಷಧಿ ಕೊಡ್ತಾರೆ. ಡಾಕ್ಟ್ರು ಅಳತೆ ನೋಡಿ ನಾಲ್ಕು ದಿನ ಕೊಟ್ಟು ನಿಲ್ಲಿಸಿದ್ರು, ಚಟ ಏನೂ ಆಗಲಿಲ್ಲ.

ಸಿಸ್ಟರ್ ಕಲಿಸಿದ ಎರಡು ಉಪಾಯ: ಕೆಮ್ಮುವಾಗ ದಿಂಬನ್ನ ಹೊಟ್ಟೆಗೆ ಒತ್ತಿ ಹಿಡೀಬೇಕು. ಏಳುವಾಗ ನೇರ ಏಳದೆ ಮಂಡಿ ಮಡಚಿ, ಮಗ್ಗುಲಿಗೆ ಹೊರಳಿ, ಕೈ ಊರಿ ಏಳಬೇಕು. ಜೊತೆಗೆ ಮೂರು ಚೆಂಡಿನ ಡಬ್ಬಿಯಲ್ಲಿ ಗಂಟೆಗೊಮ್ಮೆ ಉಸಿರು ಎಳೆಯೋದು.

ಮನೆಗೆ ಬಂದ ಮೇಲೆ ಮೆಡಿಕಲ್ ಶಾಪಲ್ಲಿ ಕೇಳಿ ಯಾವುದೋ ನೋವಿನ ಮಾತ್ರೆ ತಗೋಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರೋರಿಗೆ ಕೆಲವು ಅಪಾಯ. ಎಷ್ಟೋ ನೆಗಡಿ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತೆ, ಎರಡೂ ಸೇರಿ ಹೆಚ್ಚಾದ್ರೆ ಲಿವರ್‌ಗೆ ಪೆಟ್ಟು. ಇಳೀತಿದ್ದ ನೋವು ಮತ್ತೆ ಏರಿದ್ರೆ, ಜ್ವರ, ವಾಂತಿ, ಹೊಟ್ಟೆ ಉಬ್ಬರ, ಗಾಯದಲ್ಲಿ ಕೀವು ಕಂಡ್ರೆ ಕಾಯದೆ ಆಸ್ಪತ್ರೆಗೆ ಹೋಗಿ.

ನಾಲ್ಕನೇ ದಿನ ಸಿಸ್ಟರ್ ಮತ್ತೆ ಕೇಳಿದ್ರು. "ಏಳು" ಅಂದೆ. ಅಪ್ಪ ಏನೂ ಅನ್ನಲಿಲ್ಲ. ಎದ್ದು ದಿಂಬು ತಂದು ನನ್ನ ಹೊಟ್ಟೆ ಮೇಲಿಟ್ಟು, "ಈಗ ಕೆಮ್ಮು" ಅಂದ್ರು.