ನೆಲದಡಿಯ ಆವಿ, ತೋಟದ ಮೇಲಿನ ತಂತಿ

ರೋಮಿನಲ್ಲಿ ಯುವಜನರ ಜ್ಯೂಬಿಲಿ 2025ರ ಆಗಸ್ಟ್ 3ಕ್ಕೆ ಮುಗಿಯಿತು. ಅದರ ಫೋಟೊಗಳನ್ನು ನೀವೆಲ್ಲ ನೋಡಿಯಾಗಿದೆ. ಮರಳುವ ಮೊದಲು ಸಿಕ್ಕಿದ ಎರಡು ದಿನ ನಾವು ನಾಲ್ವರು ಎಲ್ಲಿಗೆ ಹೋದೆವೆಂದು ಕೇಳಿದವರು ಕಡಿಮೆ. ಪೀಸಾದ ವಾಲಿದ ಗೋಪುರಕ್ಕಲ್ಲ, ಅದೇ ಪೀಸಾ ಪ್ರಾಂತ್ಯದ ಗುಡ್ಡಗಳ ನಡುವಿನ ಲಾರ್ದೆರೆಲ್ಲೊ ಎಂಬ ಸಣ್ಣ ಊರಿಗೆ. ಟಸ್ಕನಿಯಲ್ಲಿ ಸೇವೆಯಲ್ಲಿರುವ ನಮ್ಮ ಕಡೆಯ ಫಾದರ್ ಒಬ್ಬರು, "ಗೋಪುರವನ್ನು ಫೋಟೊದಲ್ಲಿ ನೋಡಬಹುದು, ಇದನ್ನು ಮೂಗಿನಿಂದಲೇ ನೋಡಬೇಕು" ಎಂದು ಕರೆದುಕೊಂಡು ಹೋದರು.

ಕಾರಿನ ಗಾಜು ಇಳಿಸಿದಾಗಲೇ ಆ ಮಾತು ಅರ್ಥವಾಯಿತು. ಕೊಳೆತ ಮೊಟ್ಟೆಯ ವಾಸನೆ. ಹೈಡ್ರೋಜನ್ ಸಲ್ಫೈಡ್! ನಮ್ಮಲ್ಲಿ ಇಬ್ಬರು ಬಿಎಸ್ಸಿ ಓದಿದವರು, ಕೆಮಿಸ್ಟ್ರಿ ಲ್ಯಾಬ್ ನೆನಪಾಗಿ ನಗು ಬಂತು. ಹಿಂದಿನವರು ಈ ಕಣಿವೆಯನ್ನು ಪಿಶಾಚಿಯ ಕಣಿವೆ ಎಂದು ಕರೆಯುತ್ತಿದ್ದರಂತೆ. ನೆಲದ ಬಿರುಕುಗಳಿಂದ ಆವಿ ಬುಸುಗುಟ್ಟುವ ಜಾಗಕ್ಕೆ ಬೇರೆ ಯಾವ ಹೆಸರು ತಾನೇ ಇಡುತ್ತಾರೆ? ಈಗ ಆ ಆವಿಯನ್ನು ಕೊಳವೆಗೆ ತುಂಬಿದ್ದಾರೆ. ಬೆಳ್ಳಿ ಬಣ್ಣದ ದಪ್ಪ ಪೈಪುಗಳು ಹೊಲದ ಬದಿಯಲ್ಲಿ, ರಸ್ತೆಯ ಮೇಲೆ ಕಮಾನಾಗಿ, ಕಾಡಿನ ನಡುವೆ ಹಾದುಹೋಗುತ್ತವೆ.

ಅಲ್ಲಿನ ಮ್ಯೂಸಿಯಂ ತೋರಿಸಿದ ಅಮ್ಮ ನಮ್ಮನ್ನು ಒಂದು ಬಾವಿಯ ಬಳಿ ನಿಲ್ಲಿಸಿ, ಕಿವಿ ಮುಚ್ಚಿಕೊಳ್ಳಲು ಹೇಳಿ ವಾಲ್ವ್ ತೆರೆಸಿದರು. ಅಬ್ಬಾ! ನೂರು ಕುಕ್ಕರ್ ಒಟ್ಟಿಗೆ ಸೀಟಿ ಹೊಡೆದರೂ ಅಷ್ಟು ಸದ್ದಾಗಲಿಕ್ಕಿಲ್ಲ. ಎದೆಯೊಳಗೇ ನಡುಕ. ಆಳದಲ್ಲಿ ಬಿಸಿ ಶಿಲೆ ಉಂಟು. ಮಳೆನೀರು ಇಂಗಿ ಅಲ್ಲಿ ತಲುಪಿ 200 ಡಿಗ್ರಿಗೂ ಮೀರಿ ಕಾದು ಆವಿಯಾಗುತ್ತದೆ. ಬಾವಿಗಳು ಮೂರು-ನಾಲ್ಕು ಕಿಲೋಮೀಟರ್ ಆಳದವರೆಗೂ ಹೋಗುತ್ತವೆ. ಇಲ್ಲಿಯ ವಿಶೇಷವೆಂದರೆ ನೀರಿನ ಹನಿ ಬೆರೆಯದ ಒಣ ಆವಿಯೇ ಮೇಲೆ ಬರುವುದು. ಹಾಗಾಗಿ ನೇರವಾಗಿ ಟರ್ಬೈನಿಗೆ ಕೊಡಬಹುದು. ಜಗತ್ತಿನಲ್ಲಿ ಇಂಥ ಜಾಗಗಳು ಬಹಳ ಕಡಿಮೆ.

ನಮ್ಮ ಯುವಜನ ಸಭಾಂಗಣದ ಕೇರಂ ಬೋರ್ಡಿಗೆ ಉದುರಿಸುವ ಪೌಡರ್ ಉಂಟಲ್ಲ, ಬೋರಿಕ್ ಪೌಡರ್? ಈ ಊರು ಬೆಳೆದದ್ದೇ ಅದರಿಂದ. ಫ್ರಾನ್ಸಿನಿಂದ ಬಂದ ಲಾರ್ದೆರೆಲ್ ಎಂಬ ವ್ಯಾಪಾರಿ 1818ರಲ್ಲಿ ಇಲ್ಲಿಯ ಕುದಿಯುವ ಕೊಳಗಳಿಂದ ಬೋರಿಕ್ ಆಮ್ಲ ತೆಗೆಯತೊಡಗಿದ. ನೀರು ಬತ್ತಿಸಲು ಕಟ್ಟಿಗೆ ಉರಿಸಿ ಉರಿಸಿ ಸುತ್ತಲಿನ ಕಾಡು ಕರಗಿತು. 1827ರ ಹೊತ್ತಿಗೆ ಕೊಳಕ್ಕೆ ಇಟ್ಟಿಗೆಯ ಗುಮ್ಮಟ ಮುಚ್ಚಿ, ಆ ಆವಿಯಿಂದಲೇ ನೀರು ಕಾಯಿಸುವ ಉಪಾಯ ಹೊಳೆಯಿತು. ನಮಗಂತೂ ಬಲ್ಬಿಗಿಂತ ಈ ಗುಮ್ಮಟವೇ ದೊಡ್ಡ ಸಂಗತಿಯಾಗಿ ಕಂಡಿತು. ಕಾಲಬುಡದಲ್ಲೇ ಬೆಂಕಿ ಇಟ್ಟುಕೊಂಡು ಕಾಡು ಕಡಿಯುತ್ತಿದ್ದರಲ್ಲ! ಬಲ್ಬ್ ಬಂದದ್ದು 1904ರ ಜುಲೈ 4ರಂದು. ಪಿಯೆರೊ ಜಿನೋರಿ ಕೊಂತಿ ಎಂಬವರು ಆವಿಯ ಎಂಜಿನಿನಿಂದ ಡೈನಮೊ ತಿರುಗಿಸಿ ಐದು ಬಲ್ಬ್ ಉರಿಸಿದರು. 1913ರಲ್ಲಿ 250 ಕಿಲೋವ್ಯಾಟಿನ ಸ್ಥಾವರ. 1944ರ ಯುದ್ಧದಲ್ಲಿ ಎಲ್ಲ ನಾಶವಾಗಿ ಮತ್ತೆ ಕಟ್ಟಿದರು. ಇಂದು ಟಸ್ಕನಿಗೆ ಬೇಕಾದ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ನೆಲದ ಬಿಸಿಯಿಂದಲೇ.

ಇಷ್ಟೆಲ್ಲ ಕೇಳುವಾಗ ನಮ್ಮ ಗುಂಪಿನ ಎಲೆಕ್ಟ್ರಿಕಲ್ ಡಿಪ್ಲೊಮಾದ ಹುಡುಗ ಮಾತ್ರ ಪೈಪುಗಳನ್ನೇ ನೋಡುತ್ತಿದ್ದ. ಕೊನೆಗೆ ಕೇಳಿದ, "ಫಾದರ್, ಒಂದು ಕೇಳಿ ಹೇಳಿ. ಈ ಪೈಪ್ ಹೋಗುವ ಹೊಲದವರಿಗೆ ಎಂತ ಸಿಕ್ಕಿತು?"

ಅವನ ಪ್ರಶ್ನೆಯ ಹಿಂದೆ ಏನಿತ್ತೆಂದು ನಮಗೆ ಗೊತ್ತಿತ್ತು. ಅವನ ಮನೆಯ ತೋಟದ ಮೇಲೆ ಹೈಟೆನ್ಶನ್ ಲೈನ್ ಹಾದುಹೋಗಲಿದೆ. ಸರ್ವೆಯವರು ಬಂದು ಅಜ್ಜ ನೆಟ್ಟ ಅಡಿಕೆ ಮರಗಳಿಗೆ ಬಣ್ಣದಲ್ಲಿ ನಂಬರ್ ಹಾಕಿ ಹೋಗಿದ್ದಾರೆ, 62 ಮರ. ಅಪ್ಪ ಪರಿಹಾರದ ಕಾಗದಕ್ಕೆ ಇನ್ನೂ ಸಹಿ ಹಾಕಿಲ್ಲ. ಕರೆಂಟೇ ಬೇಡ ಎನ್ನಲು ಇವನಿಗೆ ಬಾಯಿ ಬರುವುದಿಲ್ಲ. ವಯರಿಂಗ್ ಮಾಡಿಯೇ ಮನೆ ನಡೆಸುವವನು. ಊರಿನ ಸಭೆಗಳಲ್ಲಿ ಅವನು ಮೌನವಾಗಿ ಕೂರುವುದು ಇದಕ್ಕೇ.

ಫಾದರ್ ಪ್ರಶ್ನೆಯನ್ನು ಇಟಾಲಿಯನ್‌ನಲ್ಲಿ ಹೇಳಿದಾಗ ಆ ಅಮ್ಮನ ಮುಖದಿಂದ ಟೂರಿಸ್ಟರಿಗೆಂದು ಇಟ್ಟುಕೊಂಡ ನಗು ಹೋಯಿತು. ಅವರು ಬಹಳ ಹೊತ್ತು ಮಾತಾಡಿದರು. ವಿದ್ಯುತ್ ತೆಗೆಯುವವರು ಸ್ಥಳೀಯ ಪುರಸಭೆಗಳಿಗೆ ಹಣ ಕೊಡಬೇಕೆಂದು ಕಾನೂನೇ ಇದೆ. ಟರ್ಬೈನಿಗೆ ಹೋಗುವ ಬಿಸಿಯಲ್ಲಿ ಒಂದು ಪಾಲು ಊರಿನ ಮನೆಗಳನ್ನು ಚಳಿಗಾಲದಲ್ಲಿ ಬೆಚ್ಚಗಿಡುತ್ತದೆ, ಹಸಿರುಮನೆಗಳಿಗೆ, ಚೀಸ್ ಮಾಡುವ ಡೈರಿಗೂ ಹೋಗುತ್ತದೆ. "ಆದರೆ ವಾಸನೆಯೂ ನಮಗೇ" ಎಂದರು. ದಕ್ಷಿಣಕ್ಕಿರುವ ಅಮಿಯಾತಾ ಬೆಟ್ಟದ ಕಡೆ ಪಾದರಸ, ಅನಿಲಗಳ ಭಯದಿಂದ ಜನ ವಿರೋಧಿಸುತ್ತಲೇ ಇದ್ದಾರೆ. ಈಗ ಸ್ಥಾವರಗಳಲ್ಲಿ ಅವನ್ನು ಸೋಸುವ ಯಂತ್ರ ಹಾಕಿದ್ದಾರೆ. ಆವಿಯೂ ಅಕ್ಷಯಪಾತ್ರೆಯಲ್ಲ. ತೆಗೆದಷ್ಟೂ ಒತ್ತಡ ಇಳಿಯುತ್ತದೆ. ಅದಕ್ಕೆ 1970ರ ದಶಕದಿಂದ ನೀರನ್ನು ಮತ್ತೆ ನೆಲದೊಳಗೆ ಬಿಡುತ್ತಾರೆ.

ನಮ್ಮ ಹುಡುಗ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡ. "ಒಮ್ಮೆ ಕೊಟ್ಟು ಕೈತೊಳೆಯುವುದಲ್ಲ, ವರ್ಷವರ್ಷ ಕೊಡುವುದು ಮಾರಾಯ" ಎಂದ. ಅಪ್ಪನ ಪರಿಹಾರದ ಕಾಗದದಲ್ಲಿ ಇರುವುದು ಒಂದೇ ಮೊತ್ತ.

ನಮ್ಮೂರಲ್ಲಿ ಇಂಥದ್ದು ಆಗುತ್ತದೆಯೇ ಎಂದು ಕೇಳಬೇಡಿ. ಪುತ್ತೂರು ಬಳಿಯ ಇರ್ದೆಯ ಬೆಂದ್ರ್ ತೀರ್ಥಕ್ಕೆ ಶಾಲೆಯಿಂದ ಹೋದವರಿಗೆ ಗೊತ್ತು, ಅದು ಬೆಚ್ಚಗಿನ ನೀರು ಅಷ್ಟೇ, ಟರ್ಬೈನ್ ತಿರುಗದು. ಲಡಾಖಿನ ಪೂಗಾ ಕಣಿವೆಯಲ್ಲಿ ಒಎನ್‌ಜಿಸಿ ಪ್ರಯತ್ನ ನಡೆಸಿದೆ, ತೆಲಂಗಾಣದ ಮಣುಗೂರಿನಲ್ಲಿ ಸಿಂಗರೇಣಿಯವರ 20 ಕಿಲೋವ್ಯಾಟಿನ ಪುಟ್ಟ ಪ್ರಯೋಗವಿದೆ. ನಮ್ಮ ಕಾಸರಗೋಡಿಗೆ ಸಿಕ್ಕಿದ್ದು ಬಿಸಿಲು. ಅಂಬಲತ್ತರದ 50 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇಲ್ಲೇ ಹತ್ತಿರ ಇದ್ದರೂ ನಮ್ಮಲ್ಲಿ ಹೆಚ್ಚಿನವರು ನೋಡಿಲ್ಲ.

ಮಳೆ ಬಿಟ್ಟ ಮೇಲೆ ಒಂದು ಶನಿವಾರ ಹೊರಗಿನಿಂದಲಾದರೂ ಅದನ್ನು ನೋಡಿ ಬರುವುದೆಂದು ಮಾತಾಡಿದ್ದೇವೆ. ಸುತ್ತಲಿನ ಮನೆಯವರನ್ನು ಕಂಡು ಕೇಳಲು ಪ್ರಶ್ನೆಗಳ ಪಟ್ಟಿಯನ್ನು ಆ ಹುಡುಗನೇ ಮಾಡುತ್ತಿದ್ದಾನೆ. ಬರುವವರು ಭಾನುವಾರ ಪೂಜೆ ಮುಗಿದ ಮೇಲೆ ಹೆಸರು ಕೊಡಿ. ಅವನ ಅಪ್ಪನೂ ಬರುತ್ತೇನೆ ಎಂದಿದ್ದಾರೆ.